ವಿಯೆಟ್ನಾಂ, 12 ದಿನ, ಸ್ವಂತ ಪ್ಲಾನ್: ಒಬ್ಬರು ಪೂರ್ತಿ ಸಸ್ಯಾಹಾರಿ, ಇನ್ನೊಬ್ಬರು ಎಲ್ಲ ತಿನ್ನುವವರು. ಊಟಕ್ಕೆ ಏನು ಮಾಡುವುದು?

ನೀಲಿಕೊಡೆ

ಟೂರ್ ಪ್ಯಾಕೇಜ್ ಬೇಡ ಅಂತ ತೀರ್ಮಾನ ಆಗಿದೆ. ಹನೋಯ್‌ನಲ್ಲಿ ಇಳಿದು, ಹುಯೆ ಮತ್ತು ಹೋಯ್ ಆನ್ ನೋಡಿಕೊಂಡು, ಸೈಗಾನ್‌ನಿಂದ ವಾಪಸ್. ಒಟ್ಟು 12 ದಿನ, ನವೆಂಬರ್ ಮೊದಲ ವಾರ ಹೊರಡುವುದು. ಇಬ್ಬರೇ. ಒಬ್ಬರಿಗೆ ಮಾಂಸ, ಮೀನು, ಮೊಟ್ಟೆ ಯಾವುದೂ ಆಗದು, ಹಾಲು ಪರವಾಗಿಲ್ಲ. ಇನ್ನೊಬ್ಬರಿಗೆ ಬೀದಿ ಬದಿಯ ಅಡುಗೆಯನ್ನೇ ತಿನ್ನಬೇಕೆಂಬ ಆಸೆ.

ಸಸ್ಯಾಹಾರ ಅಂತ ಅಲ್ಲಿ ಹೇಗೆ ಹೇಳಬೇಕು? ‘ಮಾಂಸ ಹಾಕಬೇಡಿ’ ಅಂದರೆ ಸಾಕಾಗುತ್ತದೆಯೇ? ರೈಲು, ದುಡ್ಡು, ವೀಸಾ ವಿಷಯದಲ್ಲಿ ಎಲ್ಲಿ ಎಡವುತ್ತಾರೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಎರಡನೇಚಮಚ

‘ಮಾಂಸ ಹಾಕಬೇಡಿ’ ಅಂದರೆ ಸಾಲದು. ಹೆಚ್ಚಿನವರು ಎಡವುವುದೇ ಇಲ್ಲಿ. ತಟ್ಟೆಯ ಮೇಲಿನ ಮಾಂಸದ ಚೂರನ್ನು ತೆಗೆದುಕೊಡುತ್ತಾರೆ, ಅಷ್ಟೇ. ಒಳಗಿರುವ ಮೀನಿನ ಸಾಸ್ (ನುವಕ್ ಮಮ್) ಹಾಗೇ ಇರುತ್ತದೆ. ಅಡುಗೆಯವರ ಲೆಕ್ಕದಲ್ಲಿ ಅದು ಮೀನಲ್ಲ, ಉಪ್ಪು. ನಾವು ಒಗ್ಗರಣೆಗೆ ಉಪ್ಪು ಹಾಕಿದ್ದನ್ನು ಯಾರಿಗೂ ಹೇಳುವುದಿಲ್ಲವಲ್ಲ, ಹಾಗೆ.

ನೀವು ಹುಡುಕಬೇಕಾದ ಪದ ‘ಚಯ್’. ಬೌದ್ಧರ ಸಸ್ಯಾಹಾರಕ್ಕೆ ಅಲ್ಲಿರುವ ಹೆಸರು ಅದು. ಬೋರ್ಡಿನ ಮೇಲೆ ಸಿ, ಎಚ್, ಎ, ವೈ ಅನ್ನುವ ನಾಲ್ಕೇ ಅಕ್ಷರ, ಮೇಲೆ ಕೆಳಗೆ ಯಾವ ಗುರುತೂ ಇಲ್ಲ, ಆದ್ದರಿಂದ ದೂರದಿಂದಲೇ ಕಾಣುತ್ತದೆ. ಹೇಳುವಾಗ ಎಳೆಯಬೇಡಿ. ‘ಚಾಯ್’ ಅಂತ ದೀರ್ಘ ಮಾಡಿದರೆ ಅದು ಬಾಟಲಿ ಅನ್ನುವ ಬೇರೆ ಪದ. ‘ತೊಯ್ ಅನ್ ಚಯ್’ ಅಂದರೆ ‘ನನ್ನದು ಚಯ್ ಊಟ’. ಇದನ್ನು ಹೇಳಿದ ಕೂಡಲೇ ಎದುರಿನವರಿಗೆ ಮಾಂಸ, ಮೀನು, ಸಿಗಡಿ, ಮೀನಿನ ಸಾಸ್, ಸಾಮಾನ್ಯವಾಗಿ ಮೊಟ್ಟೆ ಕೂಡ, ಎಲ್ಲವೂ ಒಟ್ಟಿಗೆ ಅರ್ಥವಾಗುತ್ತವೆ. ಒಂದೊಂದನ್ನೇ ‘ಬೇಡ, ಬೇಡ’ ಅಂತ ಹೇಳಿ ಮುಗಿಸಲಾಗದ್ದನ್ನು ಈ ಒಂದೇ ಪದ ಹೇಳಿಬಿಡುತ್ತದೆ.

ಸ್ವರದ ಏರಿಳಿತ ತಪ್ಪಿದರೆ ಅರ್ಥವೇ ಬದಲಾಗುವ ಭಾಷೆ ಅದು. ಹಾಗಾಗಿ ಫೋನಿನಲ್ಲಿ ವಿಯೆಟ್ನಾಮೀಸ್ ಲಿಪಿಯಲ್ಲೇ, ಎಲ್ಲ ಗುರುತುಗಳ ಸಮೇತ, ಈ ಸಾಲುಗಳನ್ನು ದೊಡ್ಡದಾಗಿ ಟೈಪ್ ಮಾಡಿ ಇಟ್ಟುಕೊಳ್ಳಿ: ನನ್ನದು ಚಯ್ ಊಟ, ಮೀನಿನ ಸಾಸ್ ಬೇಡ, ಸಿಂಪಿ ಸಾಸ್ ಬೇಡ, ಮಾಂಸದ ಮಸಾಲೆ ಹರಳು ಬೇಡ, ಮೊಟ್ಟೆ ಬೇಡ.

ಆ ‘ಮಸಾಲೆ ಹರಳು’ ಏನು ಅಂದರೆ, ಹಾತ್ ನೇಮ್ ಅಂತ ಪ್ಯಾಕೆಟ್ಟಿನಲ್ಲಿ ಬರುವ ತಿಳಿಹಳದಿ ಪುಡಿ. ಮನೆ, ಅಂಗಡಿ ಎಲ್ಲ ಕಡೆ ಒಲೆಯ ಪಕ್ಕದಲ್ಲೇ ಇರುತ್ತದೆ. ಮಾಮೂಲಿನದ್ದರಲ್ಲಿ ಹಂದಿಯ ಮಾಂಸ, ಮೂಳೆಗಳ ಸಾರ ಇರುತ್ತದೆ. ಅಣಬೆಯಿಂದ ಮಾಡಿದ್ದೂ ಉಂಟು, ಚಯ್ ಅಂಗಡಿಗಳಲ್ಲಿ ಅದನ್ನೇ ಬಳಸುತ್ತಾರೆ. ಬೆಳ್ಳುಳ್ಳಿ ಹಾಕಿ ಹುರಿದ ರಾವ್ ಮುವಾಂಗ್ ಸೊಪ್ಪು, ಟೊಮೆಟೊ ಗೊಜ್ಜಿನ ತೋಫು ನೋಡಲು ಪೂರ್ತಿ ಸಸ್ಯಾಹಾರ. ಸಾಮಾನ್ಯ ಹೋಟೆಲಿನಲ್ಲಿ ಸೊಪ್ಪಿಗೆ ಸಿಂಪಿ ಸಾಸ್, ತೋಫುಗೆ ಈ ಹರಳು ಅಥವಾ ಮೀನಿನ ಸಾಸ್ ಬೀಳುವುದೇ ಹೆಚ್ಚು.

ಇನ್ನು ‘ಕಮ್ ಚಯ್’, ಅಂದರೆ ಚಯ್ ಅನ್ನದ ಅಂಗಡಿ. ಗಾಜಿನ ಪೆಟ್ಟಿಗೆಯ ಹಿಂದೆ ಹತ್ತು ಹದಿನೈದು ತಟ್ಟೆ ಜೋಡಿಸಿರುತ್ತಾರೆ: ಹುರಿದ ತೋಫು, ಕೆಸುವಿನಂಥ ಗಡ್ಡೆಗಳು, ಬಾಳೆಕಾಯಿ, ಹಲಸಿನ ಎಳೆಕಾಯಿ, ಅಣಬೆ, ಸೋಯಾ ತುಂಡು. ಅನ್ನದ ತಟ್ಟೆ ಹಿಡಿದವರಿಗೆ ಬೆರಳು ತೋರಿಸಿದರಾಯಿತು, ಮೂರು ನಾಲ್ಕು ಬಗೆ ಬಡಿಸಿ ಒಂದು ಬಟ್ಟಲು ತೆಳು ಸೊಪ್ಪಿನ ಸಾರು ಕೊಡುತ್ತಾರೆ. ಸುಮಾರು 30,000ದಿಂದ 50,000 ಡಾಂಗ್. ಪದಾರ್ಥಗಳ ಹೆಸರಿನಲ್ಲಿ ‘ಕೋಳಿ’, ‘ದನ’ ಅಂತ ಕಂಡರೆ ಗಾಬರಿ ಬೇಡ. ಪಕ್ಕದಲ್ಲಿ ಚಯ್ ಅಂತ ಇದ್ದರೆ ಅದು ಗೋಧಿಯ ಅಂಟಿನಿಂದಲೋ ಸೋಯಾದಿಂದಲೋ ಮಾಡಿದ ನಕಲಿ ಮಾಂಸ. ಹಲವು ಕಡೆ ಧಾರ್ಮಿಕ ಕಾರಣಕ್ಕೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ.

ದಿನ ನೋಡಿಕೊಂಡು ಹೋದರೆ ಇನ್ನೂ ಸಲೀಸು. ಚಾಂದ್ರಮಾನ ತಿಂಗಳ 1 ಮತ್ತು 15ರಂದು ಅಲ್ಲಿನ ಬಹಳ ಜನ ಚಯ್ ಉಣ್ಣುತ್ತಾರೆ. ನಮ್ಮ ಅಮಾವಾಸ್ಯೆ, ಹುಣ್ಣಿಮೆಗಳೇ ಹೆಚ್ಚುಕಡಿಮೆ ಆ ದಿನಗಳು, ಒಂದು ದಿನ ಹಿಂದುಮುಂದಾಗಬಹುದು. ಬೇರೆ ದಿನ ಮಾಂಸ ಮಾರುವ ಕೆಲವು ಗಾಡಿಗಳೂ ಅವತ್ತು ಚಯ್ ಬೋರ್ಡ್ ಇಡುತ್ತವೆ. ಅಂಗಡಿಗಳ ಗೋಡೆಗೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ತೂಗುಹಾಕಿರುತ್ತಾರೆ. ದೊಡ್ಡ ಅಂಕಿ ನಮ್ಮ ನಿಮ್ಮ ತಾರೀಖು, ಕೆಳಗಿನ ಸಣ್ಣ ಅಂಕಿ ಚಾಂದ್ರಮಾನದ್ದು. ಆ ಸಣ್ಣ ಅಂಕಿ 15 ಇದ್ದ ದಿನ ಹುಯೆಯಲ್ಲಿ ಇರುವಂತೆ ನೋಡಿಕೊಂಡರೆ ನಿಮ್ಮ ಸಸ್ಯಾಹಾರಿಗೆ ಅದಕ್ಕಿಂತ ಒಳ್ಳೆಯ ದಿನ ಇಡೀ ಪ್ರವಾಸದಲ್ಲಿ ಸಿಗದು. ಪಗೋಡಗಳ ಊರು ಅದು, ಚಯ್ ಅಡುಗೆಯಲ್ಲಿ ದೇಶಕ್ಕೇ ಹೆಸರುವಾಸಿ. ಸಿಗಡಿಪುಡಿ ಉದುರಿಸುವ ಬಾನ್ ಬೆಯೊ ಎಂಬ ಪುಟ್ಟ ಅಕ್ಕಿಬಿಲ್ಲೆಗಳನ್ನೂ ಅಲ್ಲಿ ಚಯ್ ಮಾಡಿ ಕೊಡುತ್ತಾರೆ.

ಹಳಿಮೇಲೆ

ಊಟದ ವಿಷಯ ಮೇಲಿನವರು ಹೇಳಿದ್ದಾರೆ. ನನ್ನ ತಕರಾರು ನಿಮ್ಮ ತಾರೀಖಿನ ಬಗ್ಗೆ. ಅಕ್ಟೋಬರ್, ನವೆಂಬರ್ ಅಂದರೆ ಮಧ್ಯ ವಿಯೆಟ್ನಾಂನಲ್ಲಿ ಮಳೆ, ಚಂಡಮಾರುತಗಳ ಕಾಲ. ತೂ ಬೋನ್ ನದಿ ಉಕ್ಕಿದರೆ ಹೋಯ್ ಆನ್‌ನ ಹಳೇ ಪೇಟೆಯ ಬೀದಿಗಳಿಗೆ ನೀರು ನುಗ್ಗುತ್ತದೆ, ಹುಯೆಯಲ್ಲೂ ಅದೇ ಪಾಡು. ರೈಲೂ ನಿಲ್ಲಬಹುದು. ಸಾಧ್ಯವಿದ್ದರೆ ಮಾರ್ಚ್‌ಗೆ ಹಾಕಿ. ಹನೋಯ್‌ನ ಚಳಿ ಇಳಿದಿರುತ್ತದೆ, ಮಧ್ಯಭಾಗ ಒಣಗಿರುತ್ತದೆ, ಸೈಗಾನ್‌ನಲ್ಲಿ ಮಳೆ ಇನ್ನೂ ಶುರುವಾಗಿರುವುದಿಲ್ಲ. ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ ಬರುವ ತೆತ್ ಹೊಸವರ್ಷದ ವಾರ ಮಾತ್ರ ಬೇಡ. ಬಹಳಷ್ಟು ಸಣ್ಣ ಅಂಗಡಿ ಮುಚ್ಚಿರುತ್ತವೆ, ಟಿಕೆಟ್ ಸಿಗದು.

ರೈಲು: ಹನೋಯ್‌ನಿಂದ ಹುಯೆಗೆ 688 ಕಿ.ಮೀ., ರಾತ್ರಿ ಗಾಡಿಯಲ್ಲಿ ಸುಮಾರು 13-14 ಗಂಟೆ. ‘ಸಾಫ್ಟ್ ಸ್ಲೀಪರ್’ ಅಂದರೆ ಒಂದು ಕೋಣೆಗೆ ನಾಲ್ಕು ಹಾಸಿಗೆ, ‘ಹಾರ್ಡ್ ಸ್ಲೀಪರ್’ ಅಂದರೆ ಆರು. ಆರರ ಕೋಣೆಯಲ್ಲಿ ತೀರಾ ಮೇಲಿನದ್ದು ಅಗ್ಗ, ಆದರೆ ನೆಟ್ಟಗೆ ಕೂರಲು ಎತ್ತರ ಸಾಲದು. ಹುಯೆಯಿಂದ ಡಾ ನಾಂಗ್‌ಗೆ 103 ಕಿ.ಮೀ., ಹಗಲಿನ ಗಾಡಿಯೇ ಹಿಡಿಯಿರಿ. ಹೈ ವಾನ್ ಘಟ್ಟದ ತಿರುವುಗಳಲ್ಲಿ ಹಳಿ ಸಮುದ್ರದ ನೆತ್ತಿಯ ಮೇಲೇ ಸಾಗುತ್ತದೆ. ದಕ್ಷಿಣಕ್ಕೆ ಹೋಗುವಾಗ ಸಮುದ್ರ ಎಡಕ್ಕೆ. ಈ ತುಂಡಿಗೆ ಸ್ಲೀಪರ್ ಬೇಡ, ಸೀಟ್ ತೆಗೆದುಕೊಳ್ಳಿ. ಹೋಯ್ ಆನ್‌ಗೆ ರೈಲಿಲ್ಲ. ಡಾ ನಾಂಗ್‌ನಲ್ಲಿ ಇಳಿದು 30 ಕಿ.ಮೀ. ಕಾರು. ಡಾ ನಾಂಗ್‌ನಿಂದ ಸೈಗಾನ್‌ಗೆ ವಿಮಾನವೇ ಸರಿ, 12 ದಿನದಲ್ಲಿ ಇನ್ನೊಂದು ಪೂರ್ತಿ ದಿನವನ್ನು ರೈಲಿಗೆ ಕೊಡಬೇಡಿ.

ರೈಲಿನ ತಳ್ಳುಗಾಡಿಯಲ್ಲಿ ಚಯ್ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಬೋಗಿಯಲ್ಲಿ ಬಿಸಿನೀರು ಇರುತ್ತದೆ. ‘ಮೀ ಚಯ್’ ಅಂತ ಬರೆದ ಕಪ್ ನೂಡಲ್ಸ್ ಹನೋಯ್‌ನ ಅಂಗಡಿಯಲ್ಲೇ ಕೊಂಡು ಇಟ್ಟುಕೊಳ್ಳಿ.

ವೀಸಾ: 2023ರ ಆಗಸ್ಟ್ 15ರಿಂದ ಇ-ವೀಸಾ 90 ದಿನದವರೆಗೆ ಸಿಗುತ್ತದೆ. ಒಂದು ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50. ಹೆಚ್ಚು ಕೇಳುವ ವೆಬ್‌ಸೈಟ್ ಅಂದರೆ ನಡುವೆ ದಲ್ಲಾಳಿ ಇದ್ದಾನೆ ಅಂತ. ಸರ್ಕಾರದ್ದು ‘ಗವ್ ಡಾಟ್ ವಿಎನ್’ ಅಂತ ಮುಗಿಯುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನು ಒಂದಕ್ಷರವೂ ಬಿಡದೆ ತುಂಬಿ, ಅರ್ಜಿಯಲ್ಲಿ ಬರೆದ ವಿಮಾನನಿಲ್ದಾಣದಲ್ಲೇ ಇಳಿಯಿರಿ.

ದುಡ್ಡು: 20,000 ಮತ್ತು 500,000 ಎರಡೂ ನೀಲಿ, ಎರಡರಲ್ಲೂ ಅದೇ ಹೋ ಚಿ ಮಿನ್ ಮುಖ. ಸಂಜೆಗತ್ತಲಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ 25 ಪಟ್ಟು ಹೋಯಿತು. ಐದು ಲಕ್ಷದ ನೋಟನ್ನು ಪರ್ಸಿನ ಬೇರೆ ಖಾನೆಯಲ್ಲೇ ಇಡಿ. ಮೆನುವಿನಲ್ಲಿ ‘50 ಕೆ’ ಅಂದರೆ 50,000. ಮೇಜಿನ ಮೇಲೆ ತಾವಾಗಿ ತಂದಿಡುವ ಒದ್ದೆ ಟವೆಲ್ ಪೊಟ್ಟಣ, ಕಡಲೆಕಾಯಿ ತಟ್ಟೆಗೆ ಬಹಳ ಕಡೆ ಬಿಲ್ ಹಾಕುತ್ತಾರೆ. ಅದು ಮೋಸವಲ್ಲ, ರೂಢಿ. ಬೇಡದಿದ್ದರೆ ಬಿಚ್ಚದೆ ಪಕ್ಕಕ್ಕೆ ಸರಿಸಿ.

ನೀಲಿಕೊಡೆ

ಇಬ್ಬರಿಗೂ ತುಂಬಾ ಧನ್ಯವಾದ. ಮಾರ್ಚ್‌ಗೆ ಬದಲಾಯಿಸಿದ್ದಾಯಿತು. ಇನ್ನೆರಡು ಸಂದೇಹ: ಸಾಮಾನ್ಯ ಫೋ (ಸಾರಿನಲ್ಲಿ ಹಾಕಿ ಕೊಡುವ ಅಕ್ಕಿ ಶಾವಿಗೆ) ಅಂಗಡಿಯ ಮೆನುವಿನಲ್ಲಿ ‘ಫೋ ಚಯ್’ ಅಂತ ಇದ್ದರೆ ನಂಬಬಹುದೇ? ಮತ್ತೆ, ಎಲ್ಲ ತಿನ್ನುವವರಿಗೆ ಯಾವ ಊರಲ್ಲಿ ಏನು, ಎಷ್ಟು ಹೊತ್ತಿಗೆ?

ಬೆಲ್ಲದಚ್ಚು

ಮೊದಲನೆಯದಕ್ಕೆ ಉತ್ತರ: ನಂಬಬೇಡಿ, ಸಾರು ಯಾವುದು ಅಂತ ಕೇಳಿ. ಫೋ ಅಂದರೆ ಅದರ ಸಾರೇ. ದನದ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ, ಕೆಂಡದಲ್ಲಿ ಸುಟ್ಟ ಶುಂಠಿ, ಈರುಳ್ಳಿ, ಚಕ್ರಮೊಗ್ಗು, ಚಕ್ಕೆ ಹಾಕಿದ ಒಂದೇ ದೊಡ್ಡ ಹಂಡೆ ಅಂಗಡಿಯಲ್ಲಿ ಇರುತ್ತದೆ. ಒಬ್ಬರಿಗಾಗಿ ಎರಡನೇ ಹಂಡೆ ಇಡುವ ಸಣ್ಣ ಅಂಗಡಿ ಅಪರೂಪ. ಮಾಂಸ ಸಿಗದ ಕಷ್ಟದ ವರ್ಷಗಳಲ್ಲಿ ಹನೋಯ್ ಜನ ಮಾಂಸವಿಲ್ಲದ ಫೋಗೆ ‘ಪೈಲಟ್ ಇಲ್ಲದ ಫೋ’ ಅಂತ ಹೆಸರಿಟ್ಟಿದ್ದರು, ಆಗ ತಲೆ ಮೇಲೆ ಹಾರುತ್ತಿದ್ದ ಅಮೆರಿಕದ ಚಾಲಕರಹಿತ ವಿಮಾನಗಳನ್ನು ನೋಡಿ. ‘ಮಾಂಸ ಬೇಡ’ ಅಂದರೆ ನಿಮಗೆ ಸಿಗುವುದು ಅದೇ, ಮೂಳೆ ಸಾರಿನಲ್ಲಿ ಬರಿ ಶಾವಿಗೆ.

ಬಟ್ಟಲು ಬಂದ ಮೇಲೂ ಗೊತ್ತುಮಾಡಿಕೊಳ್ಳಬಹುದು. ಮೂಳೆ ಸಾರಿನ ಮೇಲೆ ಕೊಬ್ಬಿನ ದುಂಡನೆ ಕಣ್ಣುಗಳು ತೇಲುತ್ತವೆ, ತಣಿದಾಗ ತುಟಿಗೆ ಅಂಟುತ್ತದೆ. ಚಯ್ ಸಾರು ಬಿಳಿ ಮೂಲಂಗಿ, ಕ್ಯಾರೆಟ್, ಅಣಬೆಯದ್ದು. ತೆಳು, ತಿಳಿ, ನಾಲಿಗೆಗೆ ಸಿಹಿ ಮೊದಲು ಬರುತ್ತದೆ. ಆದರೂ ರುಚಿ ನೋಡಿ ಪತ್ತೆಹಚ್ಚುವ ಹೊತ್ತಿಗೆ ತಡವಾಗಿರುತ್ತದೆ. ಪೂರ್ತಿ ಚಯ್ ಅಂಗಡಿಗೇ ಹೋಗುವುದು ಮೇಲು.

ಎರಡನೆಯದು. ಅಲ್ಲಿನ ಒಳ್ಳೆಯ ಅಂಗಡಿಗಳು ಮಾಡುವುದು ಒಂದೇ ಪದಾರ್ಥ, ಅದೂ ದಿನದ ಒಂದೇ ಹೊತ್ತಿಗೆ. ಹನೋಯ್‌ನಲ್ಲಿ ಫೋ ಬೆಳಗಿನದ್ದು, ಹಂಡೆ ಖಾಲಿಯಾದರೆ ಬಾಗಿಲು ಹಾಕುತ್ತಾರೆ. ಬುನ್ ಚಾ ಮಧ್ಯಾಹ್ನದ್ದು: ಇದ್ದಿಲ ಮೇಲೆ ಸುಟ್ಟ ಹಂದಿಮಾಂಸ ಬೆಚ್ಚನೆ ಹುಳಿಸಿಹಿ ಸಾಸಿನಲ್ಲಿ ತೇಲುತ್ತಿರುತ್ತದೆ, ಶಾವಿಗೆ ಮತ್ತು ಸೊಪ್ಪು ಬೇರೆ ತಟ್ಟೆಯಲ್ಲಿ. ಸಾಸನ್ನು ಶಾವಿಗೆ ಮೇಲೆ ಸುರಿಯಬೇಡಿ. ಒಂದು ತುತ್ತಿನಷ್ಟು ಶಾವಿಗೆಯನ್ನು ಬಟ್ಟಲಿಗೆ ಅದ್ದಿ, ಮಾಂಸದ ಜೊತೆ ಎತ್ತಿ ತಿನ್ನುವುದು. ಹನ್ನೊಂದರಿಂದ ಒಂದರ ಒಳಗೆ ಹೋಗಿ, ಸಂಜೆಗೆ ಇದ್ದಿಲು ಆರಿರುತ್ತದೆ.

ಹುಯೆಯಲ್ಲಿ ಬುನ್ ಬೊ ಹುಯೆ, ನಿಂಬೆಹುಲ್ಲು ಮತ್ತು ಹುದುಗಿಸಿದ ಸಿಗಡಿ ಗೊಜ್ಜಿನ ಖಾರದ ಸಾರು. ಹೆಪ್ಪುಗಟ್ಟಿಸಿದ ರಕ್ತದ ಕಂದು ತುಂಡುಗಳನ್ನು ಹಾಕುತ್ತಾರೆ, ಬೇಡವಾದರೆ ಮೊದಲೇ ಹೇಳಬೇಕು. ಹೋಯ್ ಆನ್‌ನಲ್ಲಿ ಕಾವ್ ಲಾವ್. ಅಕ್ಕಿಯನ್ನು ಬೂದಿ ನೀರಿನಲ್ಲಿ ನೆನೆಸಿ ಮಾಡುವುದರಿಂದ ಆ ಶಾವಿಗೆಗೆ ಹಳದಿಗಂದು ಬಣ್ಣ, ಹಲ್ಲಿಗೆ ಗಟ್ಟಿ. ತಳದಲ್ಲಿ ನಾಲ್ಕೈದು ಚಮಚ ಸಾರು ಮಾತ್ರ ಇರುತ್ತದೆ. ಸಾರು ಕಮ್ಮಿ ಅಂತ ಕೇಳಬೇಡಿ, ಅದು ಇರಬೇಕಾದದ್ದೇ ಹಾಗೆ. ತಿನ್ನುವ ಮುಂಚೆ ತಳದಿಂದ ಕಲಸಿ. ಸೈಗಾನ್‌ನಲ್ಲಿ ಕಮ್ ತಮ್, ಅಂದರೆ ನುಚ್ಚಕ್ಕಿ ಅನ್ನ ಮತ್ತು ಸುಟ್ಟ ಹಂದಿ. ಬೆಳಗಿನಿಂದ ರಾತ್ರಿವರೆಗೂ ಸಿಗುತ್ತದೆ. ಅಲ್ಲಿ ಫೋ ಜೊತೆ ಒಂದು ತಟ್ಟೆ ಹಸಿಸೊಪ್ಪು, ಮೊಳಕೆ ಬರುತ್ತದೆ. ಹೊಟ್ಟೆ ಸೂಕ್ಷ್ಮವಿದ್ದವರು ಮೊಳಕೆಯನ್ನು ಕುದಿನೀರಿನಲ್ಲಿ ಅದ್ದಿ ಕೊಡಲು ಕೇಳಬಹುದು, ಅದು ಅಲ್ಲಿ ಮಾಮೂಲಿ ಬೇಡಿಕೆ.

ಹೀಗಾಗಿ ಬೆಳಗಿನ ತಿಂಡಿ ಬೇರೆಬೇರೆ ಕಡೆ, ರಾತ್ರಿಯೂಟ ಇಬ್ಬರಿಗೂ ಚಯ್ ಹೋಟೆಲಿನಲ್ಲಿ ಅಂತ ಇಟ್ಟುಕೊಂಡರೆ ಜಗಳವಿಲ್ಲ. ಅಣಬೆಯ ಹಾಟ್‌ಪಾಟ್ ಎದುರು ಕೂತರೆ ಮಾಂಸ ತಿನ್ನುವವರಿಗೂ ಕೊರತೆ ಅನ್ನಿಸದು.

ಎರಡನೇಚಮಚ

ಬೆಲ್ಲದಚ್ಚು ಅವರು ಹೇಳಿದ ಸಾರಿನ ಮಾತು ನೂರಕ್ಕೆ ನೂರು ಸರಿ. ಬಿಟ್ಟುಹೋದ ಎರಡು ಸಣ್ಣ ವಿಷಯ ಸೇರಿಸುತ್ತೇನೆ.

ಅದ್ದಿಕೊಳ್ಳುವ ಬಟ್ಟಲು. ಅಕ್ಕಿಹಾಳೆಯ ರೋಲ್ ಚಯ್ ಇದ್ದರೂ ಪಕ್ಕದ ಬಟ್ಟಲಿನಲ್ಲಿ ಮೀನಿನ ಸಾಸ್ ಇರಬಹುದು. ಸೋಯಾ ಸಾಸ್ ಕೇಳಿ: ಹನೋಯ್‌ನಲ್ಲಿ ‘ಸೀ ಜಾವ್’, ಸೈಗಾನ್‌ನಲ್ಲಿ ‘ನುವಕ್ ತುವಂಗ್’. ಒಂದು ಪದ ಇನ್ನೊಂದು ಊರಿನಲ್ಲಿ ಗೊಂದಲ ಮಾಡುತ್ತದೆ. ಮೇಜಿನ ಮೇಲೇ ಕಲಸಿಕೊಳ್ಳುವುದಾದರೆ ಸೋಯಾ 1 ಚಮಚ, ಸಕ್ಕರೆ 1, ನಿಂಬೆರಸ 1, ನೀರು 3, ಕೊಚ್ಚಿದ ಮೆಣಸಿನಕಾಯಿ. ಸಕ್ಕರೆಯನ್ನು ಮೊದಲು ನೀರಿನಲ್ಲಿ ಪೂರ್ತಿ ಕರಗಿಸಿ ಆಮೇಲೆ ಉಳಿದದ್ದು ಹಾಕಿ, ಇಲ್ಲದಿದ್ದರೆ ತಳದಲ್ಲಿ ಉಳಿದು ಮೊದಲ ರೋಲ್ ಬರಿ ಉಪ್ಪುಪ್ಪಾಗುತ್ತದೆ.

ಕಾಫಿ. ಹಾಲು ಆಗುತ್ತದೆ ಅಂದಿರಿ, ಹಾಗಾದರೆ ಗಟ್ಟಿ ಸಿಹಿಹಾಲಿನ ಮೇಲೆ ಫಿನ್ ಸೋಸುಕದಿಂದ ಇಳಿಯುವ ಕಾಫಿ ಧಾರಾಳವಾಗಿ ಕುಡಿಯಬಹುದು. ಹನೋಯ್‌ನ ‘ಕಾ ಫೆ ತ್ರುಂಗ್’ ಮಾತ್ರ ಬೇಡ. ಮೇಲೆ ನಿಂತಿರುವ ಹಳದಿ ನೊರೆ ಕೆನೆಯಲ್ಲ, ಸಿಹಿಹಾಲಿನ ಜೊತೆ ಕಡೆದ ಮೊಟ್ಟೆಯ ಭಂಡಾರ. ಬಿಸಿನೀರಿನ ಬಟ್ಟಲಿನೊಳಗೆ ಪುಟ್ಟ ಕಪ್ ಇಟ್ಟು ತಂದರೆ ಸಾಮಾನ್ಯವಾಗಿ ಅದು ಅದೇ.