ಪದಚರ್ಚೆ: ಗುಂಡು, ಬಿಲ್ಲೆ, ಬಳೆ ಇವೆ, ಮೂರು ಮೂಲೆಯದಕ್ಕೆ ಏನೆನ್ನೋಣ?

ಗೆಳೆಯರೇ,

3ರಿಂದ 5 ವರ್ಷದ ಮಕ್ಕಳಿಗೆ ಆಟವಾಡಿಸುತ್ತಲೇ ಆಕಾರಗಳನ್ನು ಪರಿಚಯ ಮಾಡಿಸುವ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಆಟಗಳು ಸಿಕ್ಕಿವೆ, ಪದಗಳಿಗೆ ನಿಮ್ಮ ನೆರವು ಬೇಕು. ವೃತ್ತ, ಚೌಕ, ಆಯತ, ತ್ರಿಭುಜ ಇವೆಲ್ಲ ಶಾಲೆಯ ಪದಗಳು. ಮುಂದೆ ಹೇಗೂ ಕಲಿಯುತ್ತಾರೆ, ಕಲಿಯಲೂ ಬೇಕು. ನಾನು ಹುಡುಕುತ್ತಿರುವುದು ಅದಕ್ಕೂ ಮೊದಲಿನ ಪದಗಳನ್ನು. ಮಗು ಒಂದು ತುಂಡನ್ನು ಕೈಗೆತ್ತಿಕೊಂಡಾಗ ನಾವು ಸಹಜವಾಗಿ ಆಡಬಹುದಾದ ಪದಗಳು.

ದುಂಡನೆಯದರಿಂದಲೇ ಶುರು ಮಾಡುತ್ತೇನೆ. ಚೆಂಡು ತೋರಿಸಿ "ಇದು ವೃತ್ತ" ಅನ್ನುವವರು ಜಾಸ್ತಿ. ಚೆಂಡು ವೃತ್ತ ಅಲ್ಲ, ಗೋಳ. ನಾಣ್ಯ ಕೂಡ ಲೆಕ್ಕದ ಪ್ರಕಾರ ತೀರಾ ಗಿಡ್ಡನೆಯ ಸಿಲಿಂಡರ್. ವೃತ್ತ ಅಂದರೆ ನಡುವಿನ ಒಂದು ಬಿಂದುವಿನಿಂದ ಎಲ್ಲ ಕಡೆಗೂ ಒಂದೇ ದೂರದಲ್ಲಿ ಸುತ್ತಿ ಬರುವ ಗೆರೆ, ಅಷ್ಟೇ. ನಾಲ್ಕು ವರ್ಷದ ಮಗುವಿಗೆ ಈ ವಿವರ ಬೇಡ. ಆದರೆ ಚೆಂಡು, ನಾಣ್ಯ, ಉಂಗುರ ಮೂರೂ ಬೇರೆ ಬೇರೆ ಅಂತ ಅದರ ಕೈಗೆ ಚೆನ್ನಾಗಿ ಗೊತ್ತು. ಒಂದು ಹಲಗೆಯನ್ನು ಇಳಿಜಾರಾಗಿ ಇಟ್ಟು ಆಡಿಸಿ ನೋಡಿ. ಗೋಲಿ ಹೇಗೆ ಬಿಟ್ಟರೂ ಉರುಳುತ್ತದೆ. ಡಬ್ಬಿಯ ಮುಚ್ಚಳ ಅಂಚಿನ ಮೇಲೆ ನಿಲ್ಲಿಸಿದರೆ ಮಾತ್ರ ಉರುಳುತ್ತದೆ, ಮಲಗಿಸಿದರೆ ಜಾರುತ್ತದೆ ಇಲ್ಲವೇ ಅಲ್ಲೇ ಕೂರುತ್ತದೆ. ಬಳೆಯೊಳಗೆ ಬೆರಳು ತೂರುತ್ತದೆ, ಮುಚ್ಚಳದೊಳಗೆ ತೂರುವುದಿಲ್ಲ.

ಈ ಮೂರಕ್ಕೂ ನಮ್ಮಲ್ಲಿ ಎಷ್ಟು ಒಳ್ಳೆಯ ಪದಗಳಿವೆ ನೋಡಿ: ಗುಂಡು, ಬಿಲ್ಲೆ, ಬಳೆ. ತುಂಬಿಕೊಂಡಿರುವುದು, ಚಪ್ಪಟೆಯಾಗಿರುವುದು, ಬರೀ ಅಂಚಾಗಿರುವುದು. ಮೂರನ್ನೂ ಒಟ್ಟಿಗೆ ಹೇಳಬೇಕಾದರೆ "ದುಂಡಗಿದೆ" ಅಂದರೆ ಮುಗಿಯಿತು. ಕರಾವಳಿಯ ಕನ್ನಡದಲ್ಲಾದರೆ "ಉರುಟು". ಈ ಪದಗಳನ್ನು ಬದಿಗಿಟ್ಟು ಮೂರಕ್ಕೂ "ವೃತ್ತ" ಎಂಬ ಒಂದೇ ಚೀಟಿ ಅಂಟಿಸಿದರೆ ಮಗು ಕೈಯಾರೆ ಕಂಡುಕೊಂಡ ವ್ಯತ್ಯಾಸವನ್ನು ನಾವೇ ಅಳಿಸಿದ ಹಾಗೆ, ಅಲ್ವಾ?

ಇದು ಸುಮ್ನೆ ಪದದ ಮೇಲಿನ ಪ್ರೀತಿಯ ಮಾತಲ್ಲ. 1840ರಲ್ಲಿ ಜರ್ಮನಿಯಲ್ಲಿ ಕಿಂಡರ್‌ಗಾರ್ಟನ್ ಎಂಬ ಹೆಸರು ಕೊಟ್ಟ ಫ್ರೆಡ್ರಿಕ್ ಫ್ರೋಬೆಲ್ ತನ್ನ ಆಟದ ಸಾಮಾನುಗಳನ್ನು ಇದೇ ಕ್ರಮದಲ್ಲಿ ಜೋಡಿಸಿದ್ದ. ಮೊದಲು ನೂಲಿನ ಚೆಂಡುಗಳು. ಆಮೇಲೆ ಮರದ ಗುಂಡು, ಸಿಲಿಂಡರ್ ಮತ್ತು ಘನ. ಎಷ್ಟೋ ಮುಂದೆ ಹೋದ ಮೇಲೆ ಚಪ್ಪಟೆ ಬಿಲ್ಲೆಗಳು, ಅದಾದ ಮೇಲೆ ಕಡ್ಡಿಗಳು ಮತ್ತು ಬಳೆಗಳು. ಅಂದರೆ ಮೊದಲು ಗಟ್ಟಿ ವಸ್ತು, ಆಮೇಲೆ ಅದರ ಮೈ, ಕೊನೆಗೆ ಗೆರೆ. ನಾವು ಇವತ್ತು ಚಿತ್ರದ ಚಾರ್ಟು ಹಿಡಿದು ಗೆರೆಯಿಂದಲೇ ಶುರು ಮಾಡುತ್ತೇವೆ. ನನಗಂತೂ ಫ್ರೋಬೆಲ್ ಹಿಡಿದ ದಾರಿಯೇ ಸರಿ ಅನ್ನಿಸುತ್ತದೆ.

ನಾಲ್ಕು ಮೂಲೆಯದಕ್ಕೆ ಬಂದರೆ ಪರವಾಗಿಲ್ಲ. ಗಟ್ಟಿಯದಕ್ಕೆ ದಾಳ, ಬರೀ ಅಂಚಿನದಕ್ಕೆ ಚೌಕಟ್ಟು. ಚಪ್ಪಟೆಯದಕ್ಕೆ ಹಲಗೆ ಅನ್ನಬಹುದು. ಕುಂಟೆಬಿಲ್ಲೆ ಆಡುವವರು ನೆಲದ ಮೇಲೆ ಗೀಚಿದ ಚೌಕಕ್ಕೆ "ಮನೆ" ಅನ್ನುತ್ತಾರೆ, ಅದೂ ಚೆಂದ. ಇಲ್ಲಿ ನನ್ನ ಮೊದಲ ಪ್ರಶ್ನೆ. ನಿಮ್ಮ ಬಳಕೆಯಲ್ಲಿ "ಚೌಕ" ಅಂದರೆ ನಾಲ್ಕೂ ಬದಿ ಸಮ ಇರಲೇಬೇಕೇ? ನಾನು ಕೇಳಿದ ಮಾತಿನಲ್ಲಿ ಹಾಗಿಲ್ಲ. ಸಮ ಇದ್ದರೆ "ಚಚ್ಚೌಕ", ಒಂದು ಕಡೆ ಜಾಸ್ತಿ ಇದ್ದರೆ "ಉದ್ದ ಚೌಕ". ಎರಡೂ ಚೌಕದ ಜಾತಿಯವೇ ಅಂತ ಹೆಸರಿನಲ್ಲೇ ಗೊತ್ತಾಗುತ್ತದೆ. "ಚೌಕ ಬೇರೆ, ಆಯತ ಬೇರೆ" ಅಂತ ಕಲಿತ ಮಗುವಿಗೆ ಮುಂದೆ "ಚೌಕವೂ ಒಂದು ಆಯತವೇ" ಅಂದಾಗ ಗಲಿಬಿಲಿ ಆಗುತ್ತದೆ. ಉದ್ದ ಚೌಕ, ಚಚ್ಚೌಕ ಅಂತ ಕಲಿತ ಮಗುವಿಗೆ ಆ ತೊಡಕು ಕಡಿಮೆ ಅಂತ ನನ್ನ ನಂಬಿಕೆ.

"ವಜ್ರ"ದ ಬಗ್ಗೆಯೂ ಒಂದು ಮಾತು. ಚಚ್ಚೌಕವನ್ನು ಒಂದು ಮೂಲೆಯ ಮೇಲೆ ನಿಲ್ಲಿಸಿದ ಕೂಡಲೇ ದೊಡ್ಡವರೇ ಅದಕ್ಕೆ ವಜ್ರ ಅನ್ನುತ್ತಾರೆ. ತುಂಡು ಅದೇ, ನಿಂತ ಭಂಗಿ ಮಾತ್ರ ಬೇರೆ. ಡಚ್ ಗಣಿತ ಶಿಕ್ಷಕರಾದ ವಾನ್ ಹೀಲೆ ದಂಪತಿ 1957ರಲ್ಲಿ ಹೇಳಿದ್ದು ಇದನ್ನೇ: ಮೊದಲ ಹಂತದಲ್ಲಿ ಮಕ್ಕಳು ಆಕಾರವನ್ನು ಒಟ್ಟು ನೋಟದಿಂದ ಗುರುತಿಸುತ್ತಾರೆ, ಬದಿ ಮೂಲೆ ಎಣಿಸಿ ಅಲ್ಲ. ಹಾಗಾಗಿ ತಿರುಗಿಸಿದರೆ ಹೆಸರೂ ಬದಲಾಗುತ್ತದೆ ಅಂದುಕೊಳ್ಳುತ್ತಾರೆ. ಅದಕ್ಕೆ ನಾವೂ ಹೊಸ ಹೆಸರು ಕೊಟ್ಟು ಪುಷ್ಟಿ ಕೊಡಬಾರದು. ಮಗುವಿನ ಕೈಯಲ್ಲೇ ತುಂಡನ್ನು ತಿರುಗಿಸಲು ಬಿಟ್ಟು "ಈಗ ಏನಾಯಿತು?" ಅಂತ ಕೇಳಿದರೆ ಸಾಕು.

ಈಗ ಮೂರು ಮೂಲೆಯದು. ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಗಟ್ಟಿಯದಕ್ಕೂ ಪದ ತೋಚುತ್ತಿಲ್ಲ, ಚಪ್ಪಟೆಯದಕ್ಕೂ ಇಲ್ಲ, ಅಂಚಿನದಕ್ಕೂ ಇಲ್ಲ. "ತ್ರಿಕೋನ" ಕೋನಗಳನ್ನು ಎಣಿಸುತ್ತದೆ, "ತ್ರಿಭುಜ" ಬದಿಗಳನ್ನು ತೋಳು ಅಂತ ಎಣಿಸುತ್ತದೆ. ಎರಡರಲ್ಲೂ ಎಳೆಯ ಮಗುವಿಗೆ "ಮೂರು" ಕೇಳಿಸುವುದಿಲ್ಲ. ಬಿಡಿಸುವಾಗಲೂ ಈ ಆಕಾರವೇ ತಡ. ಸಾಮಾನ್ಯವಾಗಿ ದುಂಡನೆಯ ಗೆರೆ 3 ವರ್ಷದ ಆಸುಪಾಸಿನಲ್ಲಿ ಕೈಗೆ ಬರುತ್ತದೆ, ಚೌಕ 4ರಲ್ಲಿ, ಮೂರು ಮೂಲೆಯದು 5ರ ಹೊತ್ತಿಗೆ. ಓರೆ ಗೆರೆ ಎಳೆಯುವುದು ಅಷ್ಟು ಕಷ್ಟ. ಅಂಥದ್ದಕ್ಕೆ ಹೆಸರಾದರೂ ಸುಲಭ ಇರಲಿ ಅನ್ನುವುದು ನನ್ನ ಆಸೆ.

ಕೈಪಿಡಿಯಲ್ಲಿ ಇದಕ್ಕಾಗಿ ಒಂದು ಆಟ ಇದೆ. ಹಗ್ಗದ ಎರಡು ತುದಿ ಗಂಟು ಹಾಕಿ, ಮೂವರು ಮಕ್ಕಳು ಒಳಗೆ ನಿಂತು ಬೆನ್ನಿನಿಂದ ಹಿಂದಕ್ಕೆ ಎಳೆಯಬೇಕು. ಮೂವರೂ ಮೂರು ಮೂಲೆ ಆಗುತ್ತಾರೆ. ಒಬ್ಬ ದೂರ ಸರಿದರೆ ಆಕಾರ ಉದ್ದವಾಗುತ್ತದೆ, ಓರೆಯಾಗುತ್ತದೆ, ಆದರೂ ಮೂಲೆ ಮೂರೇ. ಇನ್ನೊಬ್ಬ ಬಂದು ಸೇರಿದರೆ ನಾಲ್ಕು. ಇಲ್ಲಿ "ಮೂಲೆ" ಎಂಬ ಪದ ಸರಿಯಾಗಿ ಕೂರುತ್ತದೆ, ಯಾಕೆಂದರೆ ಮಕ್ಕಳು ಒಳಗಿದ್ದಾರೆ. ಕೋಣೆಯ ಮೂಲೆ ಅಂದ ಹಾಗೆ. ಆದರೆ ಚೀಲದೊಳಗೆ ಕೈ ಹಾಕಿ ನೋಡದೆ ಆಕಾರ ಗುರುತಿಸುವ ಆಟದಲ್ಲಿ ಬೆರಳಿಗೆ ಹೊರಗಿನಿಂದ ಚುಚ್ಚುವುದು ಮೂಲೆಯೋ ಮೊನೆಯೋ? "ಮೂರು ಮೊನೆ ಇದೆ" ಅಂದರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಚೂಪು, ತುದಿ, ಚುಂಚು?

ಮುಕ್ಕಣ್ಣ, ಮುಕ್ಕಾಲು, ಮುಮ್ಮಡಿ ಇವುಗಳ ಜಾಡಿನಲ್ಲಿ "ಮುಮ್ಮೂಲೆ" ಎಂದು ಕಟ್ಟಬಹುದು. ಕಟ್ಟಬಹುದು ಅಂತ ಕಟ್ಟಲು ನನಗೆ ಮನಸ್ಸಿಲ್ಲ. ಯಾರ ಬಾಯಲ್ಲಾದರೂ ಇದೆಯೇ ಅಂತ ಮೊದಲು ತಿಳಿಯಬೇಕು. ಇಲ್ಲದಿದ್ದರೆ "ಮೂರು ಮೂಲೆದು" ಎಂದೇ ಬರೆಯುತ್ತೇನೆ, ಅದರಲ್ಲಿ ಕಡಿಮೆಯೇನೂ ಇಲ್ಲ.

ಇನ್ನೆರಡು ವಿಷಯ ಹೇಳಿ. "ಬಿಲ್ಲೆ" ಅಂದಾಗ ನಿಮಗೆ ದುಂಡನೆಯದೇ ಕಣ್ಣ ಮುಂದೆ ಬರುತ್ತದೆಯೇ, ಇಲ್ಲಾ ಚಪ್ಪಟೆ ಇದ್ದರೆ ಸಾಕೇ? ಕುಂಟೆಬಿಲ್ಲೆಗೆ ಒಡೆದ ಹೆಂಚಿನ ಚೂರೂ ನಡೆಯುತ್ತದೆ. ಚಪ್ಪಟೆ ಇದ್ದರೆ ಸಾಕು ಅನ್ನುವುದಾದರೆ ದುಂಡು ಬಿಲ್ಲೆ, ಚೌಕ ಬಿಲ್ಲೆ, ಮೂರು ಮೂಲೆ ಬಿಲ್ಲೆ ಅಂತ ಒಂದು ಸಾಲೇ ಸಿಕ್ಕಿತು. ಹಾಗೆಯೇ "ಚೌಕಟ್ಟು". ಅದರ "ಚೌ"ನಲ್ಲಿ ನಾಲ್ಕು ಇದ್ದರೂ ಕನ್ನಡಕದ ದುಂಡು ಚೌಕಟ್ಟು ಅನ್ನುತ್ತೇವೆ. "ಮೂರು ಮೂಲೆ ಚೌಕಟ್ಟು" ಅಂದರೂ ನಡೆಯುತ್ತದೆಯೇ? ಉತ್ತರಿಸುವಾಗ ಅದು ನಿಮ್ಮ ಮನೆಮಾತೋ, ಎಲ್ಲಾದರೂ ಓದಿದ್ದೋ ಅಂತಲೂ ಒಂದು ಸಾಲು ಸೇರಿಸಿ. ಮನೆಮಾತಾದರೆ ಮಕ್ಕಳೂ ಆ ಪದ ಆಡುತ್ತಾರೆಯೇ, ಬರೀ ದೊಡ್ಡವರೇ ಅನ್ನುವುದನ್ನೂ ತಿಳಿಸಿ.