ಆಪರೇಷನ್ ಆಗಿ ನಾಲ್ಕು ವರ್ಷ, ಕೈ ಇನ್ನೂ ಪೂರ್ತಿ ಮೇಲೇಳುತ್ತಿಲ್ಲ. ನಿಮಗೆ ಹೇಗಾಯಿತು, ಹೇಳುತ್ತೀರಾ?

ಸ್ತನ ಕ್ಯಾನ್ಸರಿಗೆ ಎಡಗಡೆ ಆಪರೇಷನ್ ಆಯಿತು, ಕಂಕುಳಿನ ಗ್ರಂಥಿಗಳನ್ನೂ ತೆಗೆದರು, ಆಮೇಲೆ ರೇಡಿಯೇಷನ್. ಈಗ ಕೂದಲು ಬಾಚಲು ಕೈ ಎತ್ತಿದರೆ ಎದೆ ಜಗ್ಗುತ್ತದೆ. ಸಂಜೆ ಹೊತ್ತಿಗೆ ತೋಳು ಭಾರ. ಹೀಗೇ ಇರಬೇಕಾ?

* * *

ಬೇಡ ಅಕ್ಕ. ಜೀವ ಉಳಿದಿದೆಯಲ್ಲ, ಇನ್ನು ಕೈನೋವಿನ ಮಾತೇಕೆ ಅಂದುಕೊಂಡು ನಾನು ಮೂರು ವರ್ಷ ಡಾಕ್ಟರ ಮುಂದೆ ಬಾಯಿ ಬಿಡಲಿಲ್ಲ. ಆ ಮೂರು ವರ್ಷ ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೊನೆಗೆ ಫಿಸಿಯೋ ನೋಡಿ, ನನ್ನದು ಎರಡು ಬೇರೆ ಬೇರೆ ತೊಂದರೆ ಅಂದರು. ರೇಡಿಯೇಷನ್ ಬಿದ್ದ ಜಾಗದ ಸ್ನಾಯು ಎಷ್ಟೋ ವರ್ಷಗಳ ಮೇಲೂ ಬಿಗಿಯಬಹುದು. ಅದು ಭುಜವನ್ನು ಮುಂದಕ್ಕೆಳೆದು ಕೀಲು ಹಿಡಿಸಿತ್ತು. ನೋಯುತ್ತದೆಂದು ನಾನು ಕೈಯನ್ನು ಮೈಗೆ ಒತ್ತಿಕೊಂಡೇ ಓಡಾಡುತ್ತಿದ್ದೆ, ಅದರಿಂದ ಇನ್ನೂ ಬಿಗಿಯಿತು. ಅಂಗಾತ ಮಲಗಿ ಎರಡೂ ಕೈಯಲ್ಲಿ ಕೋಲು ಹಿಡಿದು ತಲೆಯ ಮೇಲಕ್ಕೆ ಒಯ್ಯುವುದು, ಬೆರಳುಗಳಿಂದ ಗೋಡೆ ಹತ್ತುವುದು, ಬೆನ್ನಿನ ರೆಕ್ಕೆಮೂಳೆಗಳನ್ನು ಹತ್ತಿರ ತರುವುದು, ಇಷ್ಟೇ ಮಾಡಿದ್ದು. ಎಳೆತ ಗೊತ್ತಾಗುವವರೆಗೆ, ಚುಚ್ಚುವವರೆಗೆ ಅಲ್ಲ. ಬೆರಳು ಮುಟ್ಟಿದ ಕಡೆ ಪೆನ್ಸಿಲ್ ಗೀಟು ಹಾಕುತ್ತಿದ್ದೆ. ಮೊದಲ ತಿಂಗಳು ಗೀಟು ಅಲ್ಲಲ್ಲೇ ಇತ್ತು, ಅತ್ತುಬಿಟ್ಟಿದ್ದೆ. ನಾಲ್ಕನೇ ತಿಂಗಳಿಗೆ ಒಂದು ಗೇಣು ಮೇಲೆ ಹೋಗಿತ್ತು.

ಎರಡನೆಯದು ಸಂಜೆಯ ಭಾರ. ಅದು ಲಿಂಫೆಡಿಮಾ, ಅಂದರೆ ದ್ರವ ನಿಂತು ತೋಳು ಊದುವುದು. ಕಂಕುಳಿನ ಗ್ರಂಥಿ ತೆಗೆದಾಗ ದ್ರವ ಹರಿಯುವ ದಾರಿ ಕಡಿಮೆಯಾಗುತ್ತದೆ, ವರ್ಷಗಳ ಮೇಲೂ ಊತ ಶುರುವಾಗಬಹುದು. ಕಣ್ಣಿಗೆ ಕಾಣುವ ಮೊದಲೇ ಉಂಗುರ, ತೋಳಿನ ಬಟ್ಟೆ ಬಿಗಿಯಾಗುತ್ತವೆ. ಎರಡೂ ತೋಳನ್ನು ಒಂದೇ ಜಾಗದಲ್ಲಿ ಟೇಪಿನಿಂದ ಅಳೆದು ಬರೆದಿಡಿ. ಊತ ತಡೆಯಲು ತೋಳಿಗೆ ಹಾಕುವ ಬಿಗಿ ಪಟ್ಟಿ, ಕಂಪ್ರೆಷನ್ ಸ್ಲೀವ್, ಅದನ್ನು ಮಾತ್ರ ಅಳತೆ ಕೊಟ್ಟೇ ತಗೊಳ್ಳಿ, ಅಳತೆ ತಪ್ಪಿದ್ದು ಊತ ಹೆಚ್ಚಿಸುತ್ತದೆ.

* * *

ಒಂದು ಎಚ್ಚರ. ತೋಳು ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಅದು ಸೋಂಕು. ಆ್ಯಂಟಿಬಯೋಟಿಕ್ ತಕ್ಷಣ ಬೇಕು. ನಾನು ಒಂದು ರಾತ್ರಿ ಕಾದು ಆಸ್ಪತ್ರೆ ಸೇರಿದೆ. ಹೊಸದಾಗಿ ಬಂದು ಬಿಡದೇ ಕಾಡುವ ನೋವಿದ್ದರೂ ವ್ಯಾಯಾಮಕ್ಕೆ ಮೊದಲು ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ.

* * *

ಕ್ಯಾನ್ಸರ್ ಮರಳದಂತೆ ಕೊಡುವ ಹಾರ್ಮೋನ್ ಮಾತ್ರೆ ಲೆಟ್ರೋಜೋಲ್ ತಗೊಳ್ಳುತ್ತಿದ್ದೀರಾ? ಆ ಮಾತ್ರೆಯಿಂದಲೂ ಕೀಲುನೋವು ಬರುತ್ತದೆ. ನಾನದನ್ನು ಆಪರೇಷನ್ ನೋವೆಂದೇ ತಿಳಿದಿದ್ದೆ. ಹಾಗಂತ ನೀವೇ ನಿಲ್ಲಿಸಬೇಡಿ, ಡಾಕ್ಟರ್ ಬೇರೆ ಮಾತ್ರೆ ಬದಲಿಸಿ ನೋಡಬಹುದು.

ಆ ಕೈಯಲ್ಲಿ ಭಾರವನ್ನೇ ಎತ್ತಬಾರದೆಂದು ನನಗೂ ಹೇಳಿದ್ದರು. ಹಗುರದಿಂದ ಶುರುಮಾಡಿ ನಿಧಾನವಾಗಿ ಏರಿಸಿದರೆ ಲಿಂಫೆಡಿಮಾ ಹೆಚ್ಚುವುದಿಲ್ಲವೆಂದು 2009ರಲ್ಲೇ ಅಧ್ಯಯನ ತೋರಿಸಿದೆ. ಕಲಿಸುವವರು ಜೊತೆಗಿರಲಿ, ಅಷ್ಟೇ. ನನ್ನ ರಟ್ಟೆಯ ಒಳಭಾಗದ ಜೋಮು ಮಾತ್ರ ಹೋಗಿಲ್ಲ, ಅಲ್ಲಿನ ನರಕ್ಕೆ ಪೆಟ್ಟಾಗಿದೆ. ಸ್ನಾನದ ನೀರಿನ ಬಿಸಿಯನ್ನು ಇನ್ನೊಂದು ಕೈಯಿಂದಲೇ ನೋಡುತ್ತೇನೆ.