ಓಎಸ್ ಅಪ್‌ಗ್ರೇಡ್ ಆದ ಮೇಲೆ ಬ್ಯಾಕಪ್ ಡಿಸ್ಕ್ ತೆರೆಯುತ್ತಿಲ್ಲ, ಎರೇಸ್ ಮಾಡಲೇಬೇಕಾ?

ಪ್ರಶ್ನೆ ಕೇಳಿದವರು:

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಮ್ಯಾಕ್‌ಬುಕ್ ಏರ್, ಇಂಟೆಲ್ ಚಿಪ್. ಇಷ್ಟು ವರ್ಷ ಮ್ಯಾಕ್ ಓಎಸ್‌ನ ಹಳೇ ಆವೃತ್ತಿ ಮೊಜಾವೆಯಲ್ಲೇ ಕಾಲ ತಳ್ಳಿದ್ದೆ. ಬ್ರೌಸರ್‌ಗೆ ಅಪ್‌ಡೇಟ್ ಬರುವುದು ನಿಂತ ಮೇಲೆ ಬೇರೆ ದಾರಿ ಇರಲಿಲ್ಲ. ಮೊನ್ನೆ ಧೈರ್ಯ ಮಾಡಿ ಅದಕ್ಕಿಂತ ಹೊಸ ಆವೃತ್ತಿ ಸೊನೋಮಾ ಹಾಕಿದೆ. ಕಂಪ್ಯೂಟರ್ ಚೆನ್ನಾಗೇ ಇದೆ. ಕೈಕೊಟ್ಟಿದ್ದು ಬ್ಯಾಕಪ್ ಡಿಸ್ಕ್.

2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಅದರಲ್ಲಿ ಎರಡು ಪಾರ್ಟಿಷನ್, ಅಂದರೆ ಎರಡು ಭಾಗ. ಒಂದರಲ್ಲಿ ಟೈಮ್ ಮೆಷಿನ್, ಮ್ಯಾಕ್‌ನದೇ ಬ್ಯಾಕಪ್ ವ್ಯವಸ್ಥೆ. ಇನ್ನೊಂದು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್, ಅದರಲ್ಲಿ ಫೋಟೋ, ವಿಡಿಯೋ ಎಲ್ಲ ಸೇರಿ ಸುಮಾರು 380 ಜಿಬಿ. ಮನೆಯಲ್ಲಿರುವ ವಿಂಡೋಸ್ ಲ್ಯಾಪ್‌ಟಾಪ್‌ಗೂ ಹಾಕಬೇಕಲ್ಲ ಅಂತ ಹಾಗೆ ಮಾಡಿಕೊಂಡಿದ್ದೆ.

ಈಗ ಡಿಸ್ಕ್ ಚುಚ್ಚಿದರೆ ಲೈಟ್ ಮಿನುಗುತ್ತದೆ, ಒಳಗೆ ತಿರುಗುವ ಸದ್ದೂ ಕೇಳುತ್ತದೆ. ಟೈಮ್ ಮೆಷಿನ್ ಪಾರ್ಟಿಷನ್ ಬರುತ್ತದೆ, ಆದರೆ ಬ್ಯಾಕಪ್ ‘ತಯಾರಿ’ ಹಂತದಲ್ಲೇ ಕೂತಿದೆ. ಫೋಟೋ ಪಾರ್ಟಿಷನ್ ಫೈಂಡರ್‌ನಲ್ಲಿ ಇಲ್ಲವೇ ಇಲ್ಲ. ಡಿಸ್ಕ್ ಯುಟಿಲಿಟಿಯಲ್ಲಿ ಅದರ ಹೆಸರು ಬೂದು ಬಣ್ಣದಲ್ಲಿದೆ. ಅದನ್ನು ತೆರೆಯುವ ಮೌಂಟ್ ಬಟನ್ ಒತ್ತಿದರೆ 49218 ಅಂತ ಒಂದು ಎರರ್. ಐದು ನಿಮಿಷ ಕಾಯುತ್ತೇನೆ, ಕೇಬಲ್ ಕಿತ್ತು ಮತ್ತೆ ಹಾಕುತ್ತೇನೆ. ಹತ್ತು ಸಲ ಆಯಿತು. ಹಳೇ ಡಿಸ್ಕ್ ಹೊಸ ಓಎಸ್‌ಗೆ ಹೊಂದುವುದಿಲ್ಲ ಅನ್ನಿಸುತ್ತಿದೆ. ಎರೇಸ್ ಮಾಡಿದರೆ ಸರಿ ಹೋಗುತ್ತಾ?

ಉತ್ತರ 1:

ನನಗೂ ಹೀಗೇ ಆಗಿತ್ತು. ಎರೇಸ್ ಮಾಡಿ ಹೊಸದಾಗಿ ಬ್ಯಾಕಪ್ ತೆಗೆದೆ, ಐದು ನಿಮಿಷದ ಕೆಲಸ. ಬ್ಯಾಕಪ್ ತಾನೇ, ಅಸಲು ಫೈಲ್ ಕಂಪ್ಯೂಟರ್‌ನಲ್ಲಿ ಇದ್ದೇ ಇರುತ್ತಲ್ಲ.

ಉತ್ತರ 2:

ದಯವಿಟ್ಟು ಎರೇಸ್ ಮುಟ್ಟಬೇಡಿ. ಮೊದಲು ಒಂದು ವಿಷಯ ಹೇಳಿ. ಆ 380 ಜಿಬಿ ಫೋಟೋ ಬೇರೆ ಎಲ್ಲಾದರೂ ಇದೆಯಾ? ಅವು ಬ್ಯಾಕಪ್ ಡಿಸ್ಕ್‌ನಲ್ಲಿವೆ, ಆದರೆ ಬ್ಯಾಕಪ್ ಆಗಿವೆ ಅಂತ ಅರ್ಥ ಅಲ್ಲ. ಟೈಮ್ ಮೆಷಿನ್ ಎಕ್ಸ್‌ಫ್ಯಾಟ್ ಪಾರ್ಟಿಷನ್ನನ್ನು ಬ್ಯಾಕಪ್ ಮಾಡುವುದಿಲ್ಲ. ಪಕ್ಕದ ಪಾರ್ಟಿಷನ್‌ನಲ್ಲಿ ಟೈಮ್ ಮೆಷಿನ್ ಓಡುತ್ತಿದ್ದರೂ ಫೋಟೋಗಳ ಪ್ರತಿ ಅಲ್ಲಿಗೆ ಹೋಗಿರುವುದಿಲ್ಲ. ಬೇರೆ ಕಡೆ ಇಲ್ಲದಿದ್ದರೆ ಇದೇ ಅಸಲು, ಇದೊಂದೇ ಅಸಲು.

ಇನ್ನು ಹೊಂದಾಣಿಕೆಯ ವಿಷಯ. ಸೊನೋಮಾ ಎಕ್ಸ್‌ಫ್ಯಾಟನ್ನು ಓದುತ್ತದೆ, ಬರೆಯುತ್ತದೆ. ನಿಮ್ಮ ಟೈಮ್ ಮೆಷಿನ್ ಪಾರ್ಟಿಷನ್ ಮ್ಯಾಕ್‌ನ ಹಳೇ ಫಾರ್ಮ್ಯಾಟ್ ಎಚ್‌ಎಫ್‌ಎಸ್ ಪ್ಲಸ್ ಇರಬೇಕು. ಅದೂ ನಡೆಯುತ್ತದೆ. 2020ರ ಬಿಗ್ ಸರ್ ಆವೃತ್ತಿಯಿಂದ ಟೈಮ್ ಮೆಷಿನ್ ಮ್ಯಾಕ್‌ನ ಹೊಸ ಫಾರ್ಮ್ಯಾಟ್ ಆದ ಎಪಿಎಫ್‌ಎಸ್ ಡಿಸ್ಕ್‌ಗೂ ಬರೆಯತೊಡಗಿತು, ಆದರೆ ಮೊದಲೇ ಇದ್ದ ಎಚ್‌ಎಫ್‌ಎಸ್ ಪ್ಲಸ್ ಬ್ಯಾಕಪ್‌ಗಳನ್ನು ಕೈಬಿಡಲಿಲ್ಲ. ಹಾಗಾಗಿ ಹಳೇ ಡಿಸ್ಕ್, ಹೊಸ ಓಎಸ್ ಅನ್ನುವ ಜಗಳ ಇದಲ್ಲ.

ಎರಡು ಪ್ರಶ್ನೆ. ಅಪ್‌ಗ್ರೇಡ್ ಆಗುವಾಗ ಡಿಸ್ಕ್ ಚುಚ್ಚಿಯೇ ಇತ್ತಾ? ಡಿಸ್ಕ್ ನೇರವಾಗಿ ಕಂಪ್ಯೂಟರ್‌ಗೆ ಹೋಗಿದೆಯಾ, ಮಧ್ಯೆ ಹಬ್ ಇದೆಯಾ?

ಉತ್ತರ 3:

ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ವಸ್ತುಗಳಿಗೆ ಅನುಮತಿ ಕೊಡುವ ಆಯ್ಕೆ ಇದೆ, ಅದನ್ನೂ ನೋಡಿ. ಅನುಮತಿ ಕೊಡದಿದ್ದರೆ ಕರೆಂಟ್ ಮಾತ್ರ ಹೋಗುತ್ತದೆ, ಡಿಸ್ಕ್ ಕಾಣಿಸುವುದಿಲ್ಲ.

ಉತ್ತರ 2:

ಮಾತು ನಿಜ, ಆದರೆ ಅದು ಆಪಲ್ ಸಿಲಿಕಾನ್, ಅಂದರೆ ಆಪಲ್‌ನದೇ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ವೆಂಚುರಾ ಆವೃತ್ತಿಯಿಂದ ಬಂದಿದ್ದು. ಇವರದು ಇಂಟೆಲ್. ಅದೂ ಅಲ್ಲದೆ ಒಂದು ಪಾರ್ಟಿಷನ್ ಬಂದಿದೆಯಲ್ಲ! ಅನುಮತಿ ಇಲ್ಲದಿದ್ದರೆ ಎರಡೂ ಬರುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು:

ಫೋಟೋ ಬೇರೆಲ್ಲೂ ಇಲ್ಲ. ಈಗ ಹೊಟ್ಟೆಯಲ್ಲಿ ನಡುಕ ಶುರುವಾಯಿತು.

ಹಬ್ ಇಲ್ಲ. ಆದರೆ ಅಪ್‌ಗ್ರೇಡ್ ಹೊತ್ತಿಗೆ ಡಿಸ್ಕ್ ಚುಚ್ಚಿತ್ತು. ಹಿಂದಿನ ರಾತ್ರಿ ಫೋನಿನಿಂದ ಒಂದಷ್ಟು ವಿಡಿಯೋ ಅದಕ್ಕೆ ಕಾಪಿಗೆ ಹಾಕಿದ್ದೆ, ಮುಗಿದಿರಬೇಕು ಅಂದುಕೊಂಡು ಅಪ್‌ಗ್ರೇಡ್ ಒತ್ತಿದೆ. ಮಧ್ಯೆ ಸ್ಕ್ರೀನ್ ಪೂರ್ತಿ ಕಪ್ಪಾಯಿತು. ಆಫ್ ಆಗಿದೆ ಅಂತ ತಿಳಿದು ಡಿಸ್ಕ್ ಕಿತ್ತು ಪಕ್ಕಕ್ಕಿಟ್ಟೆ. ಅಷ್ಟೇ.

ಉತ್ತರ 2:

ಸಿಕ್ಕಿತು. ಎಜೆಕ್ಟ್ ಆಗದೆ ಡಿಸ್ಕ್ ಕಿತ್ತುಬಂದಿದೆ. ಎಕ್ಸ್‌ಫ್ಯಾಟ್‌ಗೆ ಜರ್ನಲ್ ಇಲ್ಲ. ಅಂದರೆ ತಾನು ಯಾವ ಕೆಲಸದ ಮಧ್ಯೆ ಇದ್ದೆ ಅಂತ ಅದು ಬರೆದಿಟ್ಟುಕೊಳ್ಳುವುದಿಲ್ಲ. ‘ಸರಿಯಾಗಿ ಮುಚ್ಚಿಲ್ಲ’ ಅಂತ ಒಂದು ಗುರುತು ಮಾತ್ರ ಉಳಿಯುತ್ತದೆ. ಮುಂದಿನ ಸಲ ಚುಚ್ಚಿದಾಗ ಮ್ಯಾಕ್ ಆ ಗುರುತು ನೋಡಿ, ನಿಮಗೊಂದು ಮಾತೂ ಹೇಳದೆ, ಹಿಂದೆ ಕೂತು ಇಡೀ ಪಾರ್ಟಿಷನ್ನನ್ನು ಪರೀಕ್ಷೆ ಮಾಡುತ್ತದೆ. ಅದು ಮುಗಿಯುವವರೆಗೆ ಡಿಸ್ಕ್ ಮೌಂಟ್ ಆಗುವುದಿಲ್ಲ. ಫೈಲ್ ಜಾಸ್ತಿ ಇದ್ದರೆ ಗಂಟೆಗಟ್ಟಲೆ ಹಿಡಿಯಬಹುದು. ಪಕ್ಕದ್ದು ಎಚ್‌ಎಫ್‌ಎಸ್ ಪ್ಲಸ್, ಅದಕ್ಕೆ ಜರ್ನಲ್ ಇದೆ. ಅದಕ್ಕೇ ಅದು ಬೇಗ ಎದ್ದು ನಿಂತಿದೆ.

ನೀವು ಐದೈದು ನಿಮಿಷಕ್ಕೆ ಕೇಬಲ್ ಕೀಳುತ್ತಿದ್ದೀರಿ. ಪಾಪ, ಅದು ಪ್ರತಿ ಸಲ ಮೊದಲಿನಿಂದ ಶುರು ಮಾಡುತ್ತಿದೆ.

ನಾನು ಹೇಳಿದ್ದು ನಂಬಬೇಡಿ, ಕಣ್ಣಾರೆ ನೋಡಿ. ಡಿಸ್ಕ್ ಚುಚ್ಚಿ. ಆಕ್ಟಿವಿಟಿ ಮಾನಿಟರ್ ತೆರೆದು, ವ್ಯೂ ಮೆನುವಿನಲ್ಲಿ ಎಲ್ಲ ಪ್ರೋಸೆಸ್ ತೋರಿಸುವ ಆಯ್ಕೆ ಹಾಕಿ. ಹುಡುಕುವ ಜಾಗದಲ್ಲಿ ಎಫ್‌ಎಸ್‌ಸಿಕೆ (fsck) ಅಂತ ನಾಲ್ಕು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ, ಆ ಪರೀಕ್ಷೆ ಮಾಡುವ ಪ್ರೋಗ್ರಾಂ ಹೆಸರು ಅದು. ಅದರ ಜೊತೆ ಎಕ್ಸ್‌ಫ್ಯಾಟ್ ಅಂತ ಸೇರಿರುವ ಒಂದು ಸಾಲು ಬಂದರೆ ಸಮಸ್ಯೆ ಇದೇ.

ಪ್ರಶ್ನೆ ಕೇಳಿದವರು:

ಇದೆ! ಡಿಸ್ಕ್ ಚುಚ್ಚಿದ ಕೂಡಲೇ ಆ ಸಾಲು ಬಂತು. ಕಿತ್ತರೆ ಮಾಯ. ಈಗ ರಾತ್ರಿಯಿಡೀ ಸುಮ್ನೆ ಬಿಟ್ಟರೆ ಸಾಕಾ?

ಉತ್ತರ 4:

ಇಷ್ಟೆಲ್ಲ ಯಾಕೆ, ವಿಂಡೋಸ್ ಲ್ಯಾಪ್‌ಟಾಪ್ ಇದೆಯಲ್ಲ? ಅದಕ್ಕೆ ಹಾಕಿ ವಿಂಡೋಸ್‌ನ ಡಿಸ್ಕ್ ರಿಪೇರಿ ಟೂಲ್ ಚೆಕ್‌ಡಿಸ್ಕ್ ಓಡಿಸಿ. ಎಕ್ಸ್‌ಫ್ಯಾಟ್ ರಿಪೇರಿಗೆ ನನ್ನ ಅನುಭವದಲ್ಲಿ ಅದೇ ವಾಸಿ. ಆದರೆ ಟೈಮ್ ಮೆಷಿನ್ ಪಾರ್ಟಿಷನ್ ಅಲ್ಲಿ ಅರ್ಥವಾಗುವುದಿಲ್ಲ. ಫಾರ್ಮ್ಯಾಟ್ ಮಾಡಲಾ ಅಂತ ವಿಂಡೋಸ್ ಕೇಳಬಹುದು. ಕೇಳಿದರೆ ಕ್ಯಾನ್ಸಲ್ ಒತ್ತಿ, ಕೈ ತಪ್ಪಿಯೂ ಓಕೆ ಒತ್ತಬೇಡಿ.

ಉತ್ತರ 2:

ಎರಡೂ ಸರಿ, ಆದರೆ ನನ್ನ ಕೇಳಿದರೆ ಮೊದಲು ಕಾಪಿ, ಆಮೇಲೆ ರಿಪೇರಿ. ರಿಪೇರಿ ಅಂದರೆ ಡಿಸ್ಕ್ ಮೇಲೆ ಬರೆಯುವುದು. ಒಂದೇ ಪ್ರತಿ ಇರುವ ಫೋಟೋಗಳ ಮೇಲೆ ಯಾವ ರಿಪೇರಿ ಟೂಲನ್ನೂ ನಾನು ಬಿಡುವುದಿಲ್ಲ. ಚೆಕ್‌ಡಿಸ್ಕ್‌ಗೆ ಒಡೆಯ ಸಿಗದ ತುಂಡುಗಳು ಕಂಡರೆ ಫೌಂಡ್ ಅನ್ನುವ ಫೋಲ್ಡರ್‌ಗೆ ಹೆಸರಿಲ್ಲದೆ ತುಂಬಿಡುತ್ತದೆ. ಆಮೇಲೆ ಯಾವುದು ಯಾವ ಫೋಟೋ ಅಂತ ಹುಡುಕುತ್ತಾ ಕೂರಬೇಕು.

ಬೇರೆ ಡಿಸ್ಕ್‌ನಲ್ಲಿ 380 ಜಿಬಿ ಜಾಗ ಇದ್ದರೆ ಹೀಗೆ ಮಾಡಿ. ಆಕ್ಟಿವಿಟಿ ಮಾನಿಟರ್‌ನಲ್ಲಿ ಆ ಸಾಲನ್ನು ಆರಿಸಿ ಫೋರ್ಸ್ ಕ್ವಿಟ್ ಕೊಡಿ, ಪಾಸ್‌ವರ್ಡ್ ಕೇಳುತ್ತದೆ. ಸಾಮಾನ್ಯವಾಗಿ ಆಗ ಪಾರ್ಟಿಷನ್ ಓದಲು ಮಾತ್ರ ಸಿಗುವ ಹಾಗೆ ಮೌಂಟ್ ಆಗುತ್ತದೆ. ನಮಗೆ ಬೇಕಾದದ್ದೂ ಅದೇ. ಎಲ್ಲ ಕಾಪಿ ಮಾಡಿಕೊಂಡು, ಎಜೆಕ್ಟ್ ಮಾಡಿ, ಮತ್ತೆ ಚುಚ್ಚಿ, ಪರೀಕ್ಷೆ ಮುಗಿಯುವವರೆಗೆ ಬಿಟ್ಟುಬಿಡಿ. ಆ ಹೊತ್ತಲ್ಲಿ ಲ್ಯಾಪ್‌ಟಾಪ್ ಚಾರ್ಜರ್‌ನಲ್ಲೇ ಇರಲಿ, ಮುಚ್ಚಳ ಮುಚ್ಚಬೇಡಿ.

ಈ ಕೆಲಸ ಮುಗಿಯುವವರೆಗೆ ಟೈಮ್ ಮೆಷಿನನ್ನು ಆಫ್ ಮಾಡಿ. ಒಂದೇ ಡಿಸ್ಕ್, ಓದಿ ಬರೆಯುವ ಮುಳ್ಳೂ ಒಂದೇ. ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಓಡಾಡಿದರೆ ಎರಡೂ ಕೆಲಸ ತೆವಳುತ್ತವೆ. ‘ತಯಾರಿ’ಯಲ್ಲೇ ಕೂತಿರುವುದಕ್ಕೆ ಇದೂ ಒಂದು ಕಾರಣ. ಜೊತೆಗೆ ದೊಡ್ಡ ಅಪ್‌ಗ್ರೇಡ್ ಆದ ಮೇಲೆ ಏನೇನು ಬದಲಾಗಿದೆ ಅಂತ ಟೈಮ್ ಮೆಷಿನ್ ಪೂರ್ತಿ ತಡಕಾಡುತ್ತದೆ. ಮೊದಲ ಬ್ಯಾಕಪ್ ನಿಧಾನವಾಗೇ ಆಗುತ್ತದೆ.

ಉತ್ತರ 5:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಡಿಸ್ಕ್ ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್. ಅಪ್‌ಗ್ರೇಡ್ ಆದ ಮೇಲೆ ತೆರೆಯುತ್ತದೆ, ಆದರೆ ಏನೂ ಹಾಕಲು ಬಿಡುತ್ತಿಲ್ಲ. ನನ್ನದೂ ಇದೇನಾ?

ಉತ್ತರ 2:

ಅಲ್ಲ, ನಿಮ್ಮದು ಬೇರೆ. ಮ್ಯಾಕ್‌ಗೆ ಎನ್‌ಟಿಎಫ್‌ಎಸ್ ಓದಲು ಮಾತ್ರ ಬರುತ್ತದೆ. ಇಷ್ಟು ದಿನ ಬರೆಯಲು ಆಗುತ್ತಿತ್ತು ಅಂದರೆ ಯಾವುದೋ ಡ್ರೈವರ್ ಹಾಕಿಸಿದ್ದೀರಿ, ಹೊಸ ಓಎಸ್‌ನಲ್ಲಿ ಅದು ಲೋಡ್ ಆಗುತ್ತಿಲ್ಲ. ಬಿಗ್ ಸರ್ ಬಂದ ಮೇಲೆ ಹೊರಗಿನವರ ಕರ್ನಲ್ ಎಕ್ಸ್‌ಟೆನ್ಷನ್‌ಗಳಿಗೆ, ಅಂದರೆ ಓಎಸ್‌ನ ಒಳತಿರುಳಿಗೇ ಸೇರಿಕೊಳ್ಳುವ ಇಂಥ ಡ್ರೈವರ್‌ಗಳಿಗೆ, ಕಡಿವಾಣ ಬಿಗಿಯಾಗಿದೆ. ಡ್ರೈವರ್ ಮಾಡಿದವರ ಹೊಸ ಆವೃತ್ತಿ ಇದೆಯಾ ನೋಡಿ. ಫೈಲ್‌ಗಳು ಭದ್ರವಾಗಿವೆ, ಓದಿ ಬೇರೆ ಕಡೆ ಹಾಕಿಕೊಳ್ಳಬಹುದು.

ಪ್ರಶ್ನೆ ಕೇಳಿದವರು:

ಎರಡು ದಿನದ ವರದಿ. ಫೋರ್ಸ್ ಕ್ವಿಟ್ ಕೊಟ್ಟು ಅರ್ಧ ನಿಮಿಷ ಆಗಿರಲಿಲ್ಲ, ಪಾರ್ಟಿಷನ್ ಫೈಂಡರ್‌ನಲ್ಲಿ ಟಪ್ ಅಂತ ಬಂತು. ಕುರ್ಚಿಯಿಂದ ಎದ್ದುಬಿಟ್ಟೆ. ಡ್ರಾಯರ್‌ನಲ್ಲಿದ್ದ ಹಳೇ 500 ಜಿಬಿ ಡಿಸ್ಕ್‌ಗೆ ಎಲ್ಲ ಕಾಪಿ ಮಾಡಿದೆ, ಮೂರು ಗಂಟೆ ಹಿಡಿಯಿತು. ಆಮೇಲೆ ರಾತ್ರಿ ಪರೀಕ್ಷೆಗೆ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಆ ಸಾಲು ಇಲ್ಲ, ಡಿಸ್ಕ್ ಡೆಸ್ಕ್‌ಟಾಪ್ ಮೇಲಿದೆ, ಬರೆಯಲೂ ಆಗುತ್ತಿದೆ. ಒಂದು ವಿಡಿಯೋ ಮಾತ್ರ ಓಡುತ್ತಿಲ್ಲ, ಅರ್ಧಕ್ಕೆ ನಿಂತಿದೆ. ಅಂದು ಕಾಪಿ ಆಗುತ್ತಿದ್ದ ಕೊನೆಯ ಫೈಲ್ ಅದು. ಪುಣ್ಯಕ್ಕೆ ಫೋನಿನಲ್ಲಿ ಇನ್ನೂ ಇತ್ತು.

ಟೈಮ್ ಮೆಷಿನ್ ಮತ್ತೆ ಆನ್ ಮಾಡಿದೆ. ತಯಾರಿ ಹಂತ ದಾಟಿ ಈಗ ನಿಜವಾಗಿ ಕಾಪಿ ಆಗುತ್ತಿದೆ.

ಕೊನೆಯ ಪ್ರಶ್ನೆ. ಹೊಸ ಡಿಸ್ಕ್ ತೆಗೆದುಕೊಂಡು ಫೋಟೋ ಒಂದರಲ್ಲಿ, ಟೈಮ್ ಮೆಷಿನ್ ಒಂದರಲ್ಲಿ ಇಡೋಣ ಅಂತಿದ್ದೇನೆ. ಹಳೇ ಟೈಮ್ ಮೆಷಿನ್ ಇತಿಹಾಸವನ್ನು ಎಪಿಎಫ್‌ಎಸ್ ಡಿಸ್ಕ್‌ಗೆ ಸಾಗಿಸಬಹುದಾ?

ಉತ್ತರ 2:

ಆಗುವುದಿಲ್ಲ. ಹಳೆಯದು ಫೋಲ್ಡರ್‌ಗಳಿಗೇ ಹಾರ್ಡ್ ಲಿಂಕ್ (ಒಂದೇ ಫೋಲ್ಡರ್ ಹಲವು ಕಡೆ ಕಾಣುವ ಹಾಗೆ ಕೊಡುವ ಕೊಂಡಿ) ಹಾಕಿ ಕಟ್ಟಿದ ಬ್ಯಾಕಪ್, ಎಪಿಎಫ್‌ಎಸ್‌ನಲ್ಲಿ ಅದು ನಡೆಯುವುದಿಲ್ಲ. ಹೊಸ ಡಿಸ್ಕ್‌ನಲ್ಲಿ ಮೊದಲಿನಿಂದ ಶುರು ಮಾಡಿ. ಹಳೆಯದನ್ನು ಒಂದಷ್ಟು ತಿಂಗಳು ಹಾಗೇ ಇಟ್ಟಿರಿ, ಹಳೇ ಫೈಲ್ ಬೇಕಾದಾಗ ತೆರೆದು ನೋಡಬಹುದು. ಫೋಟೋ ಮಾತ್ರ ಆ 500 ಜಿಬಿ ಡಿಸ್ಕ್‌ನಿಂದ ಅಳಿಸಬೇಡಿ.

ಉತ್ತರ 1:

ಎರೇಸ್ ಮಾಡಿ ಅಂದಿದ್ದು ನಾನೇ. ಈಗ ನನ್ನ ಡಿಸ್ಕ್‌ನಲ್ಲಿ ಏನೇನಿತ್ತು ಅಂತ ನೆನಪು ಮಾಡಿಕೊಳ್ಳುತ್ತಾ ಕೂತಿದ್ದೇನೆ.